ಆಲಿವ್ ಎಣ್ಣೆಯ ನೈಜತೆ: ಡಿ.ಎನ್.ಎ. ಪರೀಕ್ಷೆ ಮತ್ತು ಮಾದರಿಯ ಶೇಖರಣೆ

ಆಲಿವ್ ಎಣ್ಣೆಗೆ ಅಗ್ಗದ ಎಣ್ಣೆಗಳನ್ನು ಬೆರೆಸಲಾಗಿದೆ ಅಥವಾ ಸೀಸೆಯ ಮೇಲೆ ನಮೂದಿಸಿದ ತಳಿಯ ಬದಲು ಬೇರೆ ತಳಿಯ ಕಾಯಿಗಳನ್ನು ಬಳಸಲಾಗಿದೆ ಎಂಬ ಸಂಶಯವಿದ್ದಲ್ಲಿ ಡಿ.ಎನ್.ಎ. ಪರೀಕ್ಷೆಯ ನೆರವು ಪಡೆಯಬಹುದಾಗಿದೆ. ಆದರೆ ಸದರಿ ಪರೀಕ್ಷೆಯ ಫಲಿತಾಂಶವು ಎಣ್ಣೆಯನ್ನು ಎಷ್ಟು ಕಾಲ, ಯಾವ ಸ್ಥಿತಿಯಲ್ಲಿ ಇರಿಸಲಾಗಿತ್ತು ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ.

ಶೇಖರಣೆಯ ಪರಿಣಾಮ

ಡಿ.ಎನ್.ಎ. ಎಣ್ಣೆಯಲ್ಲಿ ಕರಗುವುದಿಲ್ಲ. ಕಾಯಿಗಳನ್ನು ಅರೆದು ಎಣ್ಣೆ ತೆಗೆಯುವಾಗ ಜೊತೆಗೆ ಬರುವ ನೀರಿನ ಸೂಕ್ಷ್ಮ ಹನಿಗಳಲ್ಲಿ ಹಾಗೂ ತಿರುಳಿನ ಕಣಗಳಲ್ಲಿ ಅದು ಅತ್ಯಲ್ಪ ಪ್ರಮಾಣದಲ್ಲಿ ಉಳಿದಿರುತ್ತದೆ. ಸೋಸಿದ ಎಣ್ಣೆಯಲ್ಲಿ ಇನ್ನೂ ಕಡಿಮೆ. ಅದೇ ಹನಿಗಳಲ್ಲಿರುವ ಕಿಣ್ವಗಳು ದಿನ ಕಳೆದಂತೆ ಡಿ.ಎನ್.ಎ.ಯನ್ನು ತುಂಡರಿಸುತ್ತವೆ. ಬೆಳಕು, ಶಾಖ ಮತ್ತು ಗಾಳಿಯಿಂದ ಉಂಟಾಗುವ ಉತ್ಕರ್ಷಣವೂ ಇದಕ್ಕೆ ಸೇರುತ್ತದೆ.

ಮೊದಲು ನಾಶವಾಗುವುದು ಉದ್ದನೆಯ ತುಣುಕುಗಳು. ತಳಿಯನ್ನು ಗುರುತಿಸುವ ಮೈಕ್ರೋಸ್ಯಾಟಲೈಟ್ ವಿಧಾನಕ್ಕೆ ಸಾಮಾನ್ಯವಾಗಿ 100ರಿಂದ 250 ಬೇಸ್ ಜೋಡಿಗಳಷ್ಟು ಉದ್ದದ ಅಖಂಡ ತುಣುಕು ಬೇಕಾಗುತ್ತದೆ. ಪ್ರತಿ ಜೀವಕೋಶದಲ್ಲಿಯೂ ಅನೇಕ ಪ್ರತಿಗಳಿರುವ ಹರಿತ್ಕಣದ ಡಿ.ಎನ್.ಎ.ಯ ಕಿರು ತುಣುಕುಗಳು ಇದಕ್ಕಿಂತ ಹೆಚ್ಚು ಕಾಲ ದೊರೆಯುವ ಸಂಭವವಿರುತ್ತದೆ. ಆದ್ದರಿಂದ ಹಳೆಯ ಎಣ್ಣೆಯಲ್ಲಿ ಆಲಿವ್ ಇದೆಯೆಂದು ತಿಳಿದರೂ, ಅದು ಯಾವ ತಳಿಯದೆಂದು ತಿಳಿಯದೇ ಹೋಗಬಹುದು.

ಕಾಲಕ್ರಮೇಣ ಕಣಗಳು ಸೀಸೆಯ ತಳಕ್ಕೆ ಇಳಿಯುತ್ತವೆ. ಮೇಲಿನ ತಿಳಿ ಎಣ್ಣೆಯನ್ನು ಮಾತ್ರ ಬಗ್ಗಿಸಿ ಕಳುಹಿಸಿದಲ್ಲಿ ಪರೀಕ್ಷೆಗೆ ಅತ್ಯಗತ್ಯವಾದ ಭಾಗವೇ ಹಿಂದೆ ಉಳಿದಂತಾಗುತ್ತದೆ. ಗಷ್ಟನ್ನು ಕೊಳೆಯೆಂದು ಭಾವಿಸಿ ಸೋಸಬಾರದು.

ಫಲಿತಾಂಶವನ್ನು ಅರ್ಥೈಸುವಿಕೆ

ಡಿ.ಎನ್.ಎ. ದೊರೆಯಲಿಲ್ಲ ಎಂಬ ವರದಿಯು ಕಲಬೆರಕೆಗೆ ಸಾಕ್ಷ್ಯವಲ್ಲ. ಕೇವಲ ಹಳೆಯದಾದ ಶುದ್ಧ ಎಣ್ಣೆಯೂ ಇದೇ ಫಲಿತಾಂಶವನ್ನು ನೀಡಬಹುದು, ಇದರ ಮೇಲೆ ವರ್ತಕರನ್ನು ದೂಷಿಸುವುದು ನ್ಯಾಯವಲ್ಲ. ಅಂತೆಯೇ ಬೇರೆ ಸಸ್ಯದ ಡಿ.ಎನ್.ಎ. ಕಾಣದಿರುವುದು ಶುದ್ಧತೆಗೆ ಪ್ರಮಾಣವೂ ಅಲ್ಲ. ಅಧಿಕ ಉಷ್ಣತೆಯಲ್ಲಿ ಸಂಸ್ಕರಿಸಿದ ಎಣ್ಣೆಗಳಲ್ಲಿ ಡಿ.ಎನ್.ಎ. ಬಹುತೇಕ ಉಳಿಯದಿರುವುದರಿಂದ ಅವುಗಳ ಬೆರಕೆ ಈ ಪರೀಕ್ಷೆಗೆ ಸಿಗದೇ ಹೋಗಬಹುದು. 1981ರಲ್ಲಿ ಸ್ಪೇನ್ ದೇಶದಲ್ಲಿ ಆಲಿವ್ ಎಣ್ಣೆಯೆಂದು ಮಾರಿದ, ಕೈಗಾರಿಕಾ ಬಳಕೆಗಾಗಿ ಅನಿಲಿನ್ ಬೆರೆಸಿ ನಂತರ ಪುನಃ ಸಂಸ್ಕರಿಸಿದ ರೇಪ್‌ಸೀಡ್ ಎಣ್ಣೆಯಿಂದ ಸುಮಾರು 20,000 ಜನರು ಅಸ್ವಸ್ಥರಾಗಿ 300ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಇಂತಹ ಬೆರಕೆಯನ್ನು ಪತ್ತೆಹಚ್ಚಲು ಕೊಬ್ಬಿನಾಮ್ಲ ಹಾಗೂ ಸ್ಟೆರಾಲ್‌ಗಳ ರಾಸಾಯನಿಕ ವಿಶ್ಲೇಷಣೆಯೇ ಮುಖ್ಯ ಆಧಾರ; ಡಿ.ಎನ್.ಎ. ಪರೀಕ್ಷೆ ಪೂರಕವಾದುದು. (ಫ್ರಿಜ್‌ನಲ್ಲಿಟ್ಟಾಗ ಹೆಪ್ಪುಗಟ್ಟಿದರೆ ಶುದ್ಧವೆಂಬ ಮನೆಮಾತಿಗೆ ಆಧಾರವಿಲ್ಲ.)

ಅರ್ಜಿದಾರರ ಗಮನಕ್ಕೆ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಕಲಂ 40ರನ್ವಯ ಯಾವುದೇ ಖರೀದಿದಾರರು ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ವರದಿ ಪಡೆಯಬಹುದು. ವಿಶ್ಲೇಷಣೆ ಮಾಡಿಸುವ ಉದ್ದೇಶವನ್ನು ಖರೀದಿಸುವ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸತಕ್ಕದ್ದು. ಪದಾರ್ಥವು ಕಾಯ್ದೆಗೆ ಅನುಗುಣವಾಗಿಲ್ಲವೆಂದು ವರದಿಯಲ್ಲಿ ಕಂಡುಬಂದಲ್ಲಿ ಪಾವತಿಸಿದ ಶುಲ್ಕವನ್ನು ಹಿಂಪಡೆಯಲು ಖರೀದಿದಾರರು ಅರ್ಹರಾಗಿರುತ್ತಾರೆ.

ಡಿ.ಎನ್.ಎ. ಪರೀಕ್ಷೆಯನ್ನೂ ಬಯಸುವವರು ಅಂತಹ ಸೌಲಭ್ಯವಿರುವ ಪ್ರಯೋಗಾಲಯವನ್ನು ಮುಂಚಿತವಾಗಿ ವಿಚಾರಿಸುವುದು ಸೂಕ್ತ. ಸೀಸೆಯನ್ನು ತೆರೆಯದೆ, ಕತ್ತಲೆಯ ತಂಪು ಸ್ಥಳದಲ್ಲಿರಿಸಿ, ವಿಳಂಬವಿಲ್ಲದೆ ಸಲ್ಲಿಸಬೇಕು. ಲೇಬಲ್‌ನಲ್ಲಿರುವ ತಯಾರಿಕಾ ದಿನಾಂಕ, ಖರೀದಿಯ ದಿನಾಂಕ ಹಾಗೂ ಅಲ್ಲಿಯವರೆಗೆ ಇರಿಸಿದ್ದ ಬಗೆಯನ್ನು ಅರ್ಜಿಯಲ್ಲಿ ನಮೂದಿಸುವುದು.