ಸಾಲು ಎಲ್ಲಿ ಮುರಿಯಬೇಕು? ದೋರಸಮುದ್ರದ ಕಲ್ಲಿನಿಂದ ಲಿಸ್ಪ್ ಭಾಷೆಯ ಕಂಸಗಳವರೆಗೆ

ಮಾದಿಹಳ್ಳಿಯ ಸುತ್ತಿನ ಸೀಮೆಯಲ್ಲಿ ಶಾಸನ ನೋಡುವುದಕ್ಕೆ ಬಹಳ ದೂರ ಹೋಗಬೇಕಿಲ್ಲ. ಹಳೇಬೀಡು ಇದೆ, ಅಂದರೆ ಹೊಯ್ಸಳರ ರಾಜಧಾನಿ ದೋರಸಮುದ್ರ. 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ ಬೇಲೂರು ಇದೆ. ಅತ್ತ ಅರಸೀಕೆರೆ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದೆಂದು ನಾವೆಲ್ಲ ಶಾಲೆಯಲ್ಲಿ ಓದಿದ ಹಲ್ಮಿಡಿ ಶಾಸನ ಸಿಕ್ಕಿದ್ದೂ ಇದೇ ಬೇಲೂರು ತಾಲ್ಲೂಕಿನಲ್ಲಿ.

ಹಳಗನ್ನಡದ ಲಿಪಿ ಕಲಿತ ವಿದ್ಯಾರ್ಥಿಯೊಬ್ಬ ಮೊದಲ ಸಲ ಇಂಥ ಕಲ್ಲಿನ ಮುಂದೆ ನಿಂತಾಗ ಒಂದು ವಿಚಿತ್ರ ಸೋಲನ್ನು ಅನುಭವಿಸುತ್ತಾನೆ. ಅಕ್ಷರಗಳೆಲ್ಲ ಗೊತ್ತಾಗುತ್ತವೆ, ಆದರೆ ವಾಕ್ಯ ಸಿಗುವುದಿಲ್ಲ. ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ. ಕಲ್ಲಿನ ಅಂಚು ಬಂದಲ್ಲಿ ಸಾಲು ನಿಲ್ಲುತ್ತದೆ, ಪದ ಅರ್ಧಕ್ಕೆ ತುಂಡಾಗಿ ಮುಂದಿನ ಸಾಲಿಗೆ ಹೋಗುತ್ತದೆ. ಅರಸನ ಹೆಸರಿಗೆ ಮೊದಲು ಬಿರುದುಗಳ ಸರಮಾಲೆ, ಒಂದೊಂದು ಬಿರುದೂ ಒಂದು ಸಮಾಸ, ಸಮಾಸದೊಳಗೆ ಮತ್ತೊಂದು ಸಮಾಸ. ಯಾರ ಮಗ ಯಾರು, ಯಾರು ಯಾರಿಗೆ ಯಾವ ಭೂಮಿ ಬಿಟ್ಟರು ಎನ್ನುವುದೆಲ್ಲ ಅಲ್ಲೇ ಇದೆ. ಆದರೆ ಅದರ ಆಕಾರ ಮಾತ್ರ ಕಲ್ಲಿನ ಮೇಲೆ ಕಾಣುವುದಿಲ್ಲ.

ಇದೇ ಸೋಲನ್ನು ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಅಮೆರಿಕದ ಕೆಲವು ಗಣಿತಜ್ಞರೂ ಅನುಭವಿಸಿದರು. ಅವರ ಮುಂದಿದ್ದದ್ದು ಕಲ್ಲಲ್ಲ, ಕಂಪ್ಯೂಟರಿನ ಮುದ್ರಿತ ಕಾಗದ. ಅವರು ಅದಕ್ಕೆ ಕಂಡುಕೊಂಡ ಉಪಾಯಕ್ಕೆ ‘ಪ್ರೆಟಿ ಪ್ರಿಂಟಿಂಗ್’ ಎಂದು ಹೆಸರು. ಚಂದದ ಮುದ್ರಣ ಎನ್ನೋಣ. ಹೆಸರು ಕೇಳಿದರೆ ಅಲಂಕಾರದ ಮಾತು ಅನ್ನಿಸುತ್ತದೆ. ಅದು ಯಾಕೆ ಬರೀ ಅಲಂಕಾರವಲ್ಲ ಎನ್ನುವುದೇ ಈ ಬರಹದ ವಿಷಯ.

ಓದುವುದಕ್ಕೆಂದು ಹುಟ್ಟದ ಬರವಣಿಗೆ

ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೆಲಸ ಆರಂಭಿಸಿದರು. ಅದರ ಮೂಲ ಪ್ರಬಂಧ ಪ್ರಕಟವಾದದ್ದು 1960ರ ಏಪ್ರಿಲ್‌ನಲ್ಲಿ. ಲಿಸ್ಪ್‌ನಲ್ಲಿ ಎಲ್ಲವೂ ಪಟ್ಟಿ. ಒಂದು ಕಂಸ ತೆರೆದು, ಒಳಗೆ ಬೇಕಾದ್ದನ್ನು ಬರೆದು, ಕಂಸ ಮುಚ್ಚಿದರೆ ಪಟ್ಟಿಯಾಯಿತು. ಪಟ್ಟಿಯೊಳಗೆ ಮತ್ತೊಂದು ಪಟ್ಟಿ ಇರಬಹುದು, ಅದರೊಳಗೆ ಇನ್ನೊಂದು. ಬರೆದ ಪ್ರೋಗ್ರಾಂ ಕೂಡ ಪಟ್ಟಿಯೇ, ಅದು ಕೆಲಸ ಮಾಡುವ ದತ್ತಾಂಶವೂ ಪಟ್ಟಿಯೇ.

ತಮಾಷೆಯೆಂದರೆ, ಈ ಕಂಸಗಳ ಬರವಣಿಗೆ ಮನುಷ್ಯರ ಓದಿಗೆಂದು ಉದ್ದೇಶಿಸಿದ್ದಲ್ಲ. ಮನುಷ್ಯರು ಬರೆಯಲು ‘ಎಂ-ಎಕ್ಸ್‌ಪ್ರೆಷನ್’ ಎಂಬ ಬೇರೊಂದು ರೂಪ, ಯಂತ್ರದೊಳಗಿನ ದತ್ತಾಂಶಕ್ಕೆ ‘ಎಸ್-ಎಕ್ಸ್‌ಪ್ರೆಷನ್’ ಎಂಬ ಕಂಸಗಳ ರೂಪ, ಇದು ಮೆಕಾರ್ಥಿಯವರ ಯೋಜನೆ. ಅಷ್ಟರಲ್ಲಿ ಸ್ಟೀವ್ ರಸೆಲ್ ಎಂಬ ಸಹೋದ್ಯೋಗಿ, ಪ್ರಬಂಧದಲ್ಲಿ ಸಿದ್ಧಾಂತಕ್ಕಾಗಿ ಬರೆದಿದ್ದ ‘ಇವಾಲ್’ ಎಂಬ ಸೂತ್ರವನ್ನೇ ಐಬಿಎಂ 704 ಯಂತ್ರದ ಮೇಲೆ ಓಡುವಂತೆ ಬರೆದುಬಿಟ್ಟರು. ಕಂಸಗಳ ರೂಪದಲ್ಲೇ ಪ್ರೋಗ್ರಾಂ ಓಡತೊಡಗಿತು. ಜನ ಅದಕ್ಕೇ ಒಗ್ಗಿಕೊಂಡರು. ಇನ್ನೊಂದು ರೂಪ ಹಿಂದೆ ಸರಿಯಿತು.

ಯಂತ್ರದ ನೆನಪಿನಲ್ಲಿ ಪಟ್ಟಿಗೆ ಸಾಲೂ ಇಲ್ಲ, ಅಂಚೂ ಇಲ್ಲ. ಅಲ್ಲಿರುವುದು ಒಂದು ಮನೆಯಿಂದ ಇನ್ನೊಂದು ಮನೆಗೆ ಬೆರಳು ತೋರುವ ಸಣ್ಣ ಸಣ್ಣ ಕೋಶಗಳು. ಅದನ್ನು ಕಾಗದದ ಮೇಲೆ ಇಳಿಸಿದಾಗಲೇ ಸಾಲಿನ ಪ್ರಶ್ನೆ ಹುಟ್ಟುವುದು. ಸುಮ್ಮನೆ ಅಚ್ಚು ಹಾಕಿದರೆ ಅದು ಅಂಚಿನವರೆಗೆ ಹೋಗಿ, ಎಲ್ಲೆಂದರಲ್ಲಿ ಮುರಿದು, ಕೆಳಗಿಳಿಯುತ್ತದೆ. ಥೇಟ್ ಕಲ್ಲಿನ ಹಾಗೆ.

ಉದಯಾದಿತ್ಯ ಯಾರ ಮಗ?

ಉದಾಹರಣೆಗೆ ನಮ್ಮ ಹೊಯ್ಸಳರ ವಂಶಾವಳಿಯನ್ನೇ ತೆಗೆದುಕೊಳ್ಳೋಣ. ವಿನಯಾದಿತ್ಯನಿಂದ ಶುರುಮಾಡಿ, ಪ್ರತಿಯೊಬ್ಬನ ಹೆಸರಿನ ಮುಂದೆ ಅವನ ಮಕ್ಕಳನ್ನು ಅದೇ ಕಂಸದೊಳಗೆ ಬರೆಯೋಣ. ಎಲ್ಲ ಮಕ್ಕಳೂ ಬೇಡ, ನಮ್ಮ ಮಾತಿಗೆ ಬೇಕಾದವರು ಸಾಕು:

(ವಿನಯಾದಿತ್ಯ (ಎರೆಯಂಗ (ಬಲ್ಲಾಳ-1) (ವಿಷ್ಣುವರ್ಧನ (ನರಸಿಂಹ-1 (ಬಲ್ಲಾಳ-2 (ನರಸಿಂಹ-2 (ಸೋಮೇಶ್ವರ (ನರಸಿಂಹ-3 (ಬಲ್ಲಾಳ-3)) (ರಾಮನಾಥ)))))) (ಉದಯಾದಿತ್ಯ)))

ಇದರಲ್ಲಿ ತಪ್ಪೇನೂ ಇಲ್ಲ, ಯಂತ್ರಕ್ಕೆ ಇಷ್ಟು ಸಾಕು. ಈಗ ಕೊನೆಯಲ್ಲಿರುವ ಉದಯಾದಿತ್ಯ ಯಾರ ಮಗ ಹೇಳಿ. ರಾಮನಾಥನ ನಂತರದ ಕಂಸಗಳನ್ನು ಬೆರಳಿಟ್ಟು ಎಣಿಸದೆ ಹೇಳಲಾಗದು. ಅದನ್ನೇ ಹೀಗೆ ಬರೆಯೋಣ:

```
(ವಿನಯಾದಿತ್ಯ
  (ಎರೆಯಂಗ
    (ಬಲ್ಲಾಳ-1)
    (ವಿಷ್ಣುವರ್ಧನ
      (ನರಸಿಂಹ-1
        (ಬಲ್ಲಾಳ-2
          (ನರಸಿಂಹ-2
            (ಸೋಮೇಶ್ವರ
              (ನರಸಿಂಹ-3
                (ಬಲ್ಲಾಳ-3))
              (ರಾಮನಾಥ))))))
    (ಉದಯಾದಿತ್ಯ)))
```

ಒಂದು ಅಕ್ಷರವೂ ಬದಲಾಗಿಲ್ಲ. ಆದರೆ ಒಂದನೇ ಬಲ್ಲಾಳ, ವಿಷ್ಣುವರ್ಧನ, ಉದಯಾದಿತ್ಯ ಮೂವರೂ ಒಂದೇ ಗೆರೆಯಲ್ಲಿ ನಿಂತಿದ್ದಾರೆ, ಮೂವರೂ ಎರೆಯಂಗನ ಮಕ್ಕಳು. ಮೂರನೇ ನರಸಿಂಹ ಮತ್ತು ರಾಮನಾಥ ಅಕ್ಕಪಕ್ಕದ ಅಣ್ಣತಮ್ಮಂದಿರು. ಸೋಮೇಶ್ವರನ ನಂತರ ರಾಜ್ಯ ಈ ಇಬ್ಬರ ನಡುವೆ ಹಂಚಿಹೋಯಿತು, ದೋರಸಮುದ್ರ ಒಬ್ಬನಿಗೆ, ತಮಿಳು ಸೀಮೆ ಇನ್ನೊಬ್ಬನಿಗೆ.

ಈಗ ಬೇಕೆಂದೇ ಒಂದು ತಪ್ಪು ಮಾಡೋಣ. ರಾಮನಾಥನ ಮುಂದಿನ ಆರು ಕಂಸಗಳಲ್ಲಿ ಒಂದನ್ನು ತೆಗೆದು ಕೊನೆಗೆ ಹಾಕೋಣ. ಒಟ್ಟು ಕಂಸಗಳ ಲೆಕ್ಕ ಅಷ್ಟೇ ಇರುತ್ತದೆ, ಯಂತ್ರ ತಕರಾರು ಮಾಡುವುದಿಲ್ಲ. ಆದರೆ ಉದಯಾದಿತ್ಯ ವಿಷ್ಣುವರ್ಧನನ ತಮ್ಮನಾಗಿದ್ದವನು ಮಗನಾಗಿಬಿಡುತ್ತಾನೆ. ಒಂದೇ ಸಾಲಿನಲ್ಲಿ ಬರೆದಾಗ ಸರಿಯಾದದ್ದು, ತಪ್ಪಾದದ್ದು ಎರಡೂ ಕಣ್ಣಿಗೆ ಒಂದೇ ಥರ. ಚಂದದ ಮುದ್ರಣದಲ್ಲಾದರೆ ಉದಯಾದಿತ್ಯ ಒಂದು ಹೆಜ್ಜೆ ಒಳಗೆ ಸರಿದು ನರಸಿಂಹನ ನೇರಕ್ಕೆ ನಿಲ್ಲುತ್ತಾನೆ. ಹೊಯ್ಸಳರ ಕಥೆ ಗೊತ್ತಿದ್ದವರು ತಕ್ಷಣ ಹುಬ್ಬೇರಿಸುತ್ತಾರೆ. ಅರ್ಥವನ್ನು ಪರೀಕ್ಷಿಸಬಲ್ಲವನು ಮನುಷ್ಯ ಮಾತ್ರ. ಅವನು ಪರೀಕ್ಷಿಸಬೇಕಾದರೆ ಆಕಾರ ಅವನಿಗೆ ಕಾಣಬೇಕು.

ಗ್ರೈಂಡ್ ಮಾಡುವವರು

ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಿದ ಮೊದಲಿಗರಲ್ಲಿ ಬಿಲ್ ಗಾಸ್ಪರ್ ಒಬ್ಬರು. ಸುಮಾರು 1967ರಲ್ಲಿ ಅವರು ಬರೆದ ‘ಗ್ರೈಂಡೆಫ್’ ಎಂಬ ಪ್ರೋಗ್ರಾಂ ಲಿಸ್ಪ್ ಪಟ್ಟಿಗಳನ್ನು ಸಾಲು ಮುರಿದು, ಒಳಸರಿಸಿ ಅಚ್ಚು ಹಾಕುತ್ತಿತ್ತು. ಲಿಸ್ಪ್ ಬಳಗದಲ್ಲಿ ಈ ಕೆಲಸಕ್ಕೆ ‘ಗ್ರೈಂಡ್ ಮಾಡುವುದು’ ಎಂಬ ಮಾತೇ ರೂಢಿಗೆ ಬಂತು.

ನಿಯಮ ಕೇಳುವುದಕ್ಕೆ ಸುಲಭ: ಪಟ್ಟಿ ಸಾಲಿನಲ್ಲಿ ಹಿಡಿಸಿದರೆ ಹಾಗೇ ಬರೆ, ಹಿಡಿಸದಿದ್ದರೆ ಮುರಿ. ಆದರೆ ಹಿಡಿಸುತ್ತದೆಯೇ ಎಂದು ತಿಳಿಯಲು ಪಟ್ಟಿಯ ಕೊನೆಯವರೆಗೆ ಅಳೆಯಬೇಕು. ಹಿಡಿಸದಿದ್ದರೆ ಒಳಗಿನ ಪಟ್ಟಿಯನ್ನು ಮತ್ತೆ ಅಳೆಯಬೇಕು, ಅದರೊಳಗಿನದನ್ನು ಇನ್ನೊಮ್ಮೆ. ಎಲ್ಲಿ ಮುರಿದರೆ ಚಂದ ಎಂದು ಹಲವು ದಾರಿ ಹುಡುಕಿ ನೋಡುತ್ತಿದ್ದ ಗಾಸ್ಪರ್ ಅವರ ಪ್ರೋಗ್ರಾಂ, ಪ್ರಯೋಜನವಿಲ್ಲದ ದಾರಿಗಳನ್ನು ನಡುವೆಯೇ ಬಿಡುತ್ತಿತ್ತು. 1973ರಲ್ಲಿ ಐರಾ ಗೋಲ್ಡ್‌ಸ್ಟೀನ್ ಎಂಐಟಿಯಲ್ಲೇ ಈ ಸಮಸ್ಯೆಯನ್ನು ಕ್ರಮವಾಗಿ ವಿವರಿಸುವ ಟಿಪ್ಪಣಿಯೊಂದನ್ನು ಬರೆದರು.

ನನಗೆ ಬಹಳ ಇಷ್ಟವಾದ ಹೆಜ್ಜೆ 1980ರದು. ಡೆರೆಕ್ ಒಪ್ಪೆನ್ ಎಂಬವರು ಒಂದು ಸರಳ ಸತ್ಯವನ್ನು ಗಮನಿಸಿದರು: ಒಂದು ಸಾಲಿನ ಅಗಲಕ್ಕಿಂತ ಮುಂದೆ ನೋಡುವ ಅಗತ್ಯವೇ ಇಲ್ಲ. ಅಷ್ಟು ದೂರ ಹೋದರೂ ಕಂಸ ಮುಚ್ಚದಿದ್ದರೆ ಆ ಪಟ್ಟಿ ಸಾಲಿನಲ್ಲಿ ಹಿಡಿಸುವುದಿಲ್ಲ ಎಂದು ಅಲ್ಲಿಗೇ ತೀರ್ಮಾನವಾಯಿತು. ಅದು ಇನ್ನೆಷ್ಟು ಉದ್ದವಿದ್ದರೆ ನಮಗೇನು? ಹಾಗಾಗಿ ಒಂದು ಕೈ ಮುಂದೆ ಅಳೆಯುತ್ತ ಹೋಗುತ್ತದೆ, ಇನ್ನೊಂದು ಕೈ ಹಿಂದಿನಿಂದ ಅಚ್ಚು ಹಾಕುತ್ತ ಬರುತ್ತದೆ. ಎರಡರ ನಡುವೆ ನೆನಪಿಡಬೇಕಾದದ್ದು ಒಂದು ಸಾಲಿನಷ್ಟು ಮಾತ್ರ. ಪಠ್ಯ ಎರಡರಷ್ಟಾದರೆ ಸಮಯವೂ ಎರಡರಷ್ಟು, ಅದಕ್ಕಿಂತ ಹೆಚ್ಚಿಲ್ಲ.

1989ರಲ್ಲಿ ರಿಚರ್ಡ್ ವಾಟರ್ಸ್ ‘ಎಕ್ಸ್‌ಪಿ’ ಎಂಬ ವ್ಯವಸ್ಥೆ ರೂಪಿಸಿದರು. ಅದು 1994ರಲ್ಲಿ ಕಾಮನ್ ಲಿಸ್ಪ್‌ನ ಅಧಿಕೃತ ಮಾನಕದೊಳಗೆ ಸೇರಿತು. ಎಷ್ಟು ಆಳದವರೆಗೆ ತೋರಿಸಬೇಕು, ಪಟ್ಟಿಯ ಎಷ್ಟು ಅಂಶ ತೋರಿಸಿ ಉಳಿದದ್ದಕ್ಕೆ ಚುಕ್ಕಿ ಹಾಕಬೇಕು ಎಂದೆಲ್ಲ ಅಲ್ಲಿ ಹೇಳಬಹುದು. ತನ್ನನ್ನೇ ತಾನು ಒಳಗೊಂಡ ಪಟ್ಟಿ ಬಂದರೆ ಕೊನೆಯಿಲ್ಲದೆ ಅಚ್ಚು ಹಾಕುತ್ತ ಕೂರದೆ, ಅದಕ್ಕೊಂದು ಸಂಖ್ಯೆ ಕೊಟ್ಟು ‘ಹಿಂದೆ ಹೇಳಿದ್ದೇ ಇದು’ ಎಂದು ಸೂಚಿಸುವ ಏರ್ಪಾಡೂ ಉಂಟು. ಇನ್ನೊಂದು ಏರ್ಪಾಡಿನ ಹೆಸರು ‘ಮೈಸರ್’, ಅಂದರೆ ಜಿಪುಣ. ಒಳಗೊಳಗೆ ಸರಿಯುತ್ತ ಹೋಗಿ ಬಲಗಡೆ ಜಾಗ ತೀರುತ್ತ ಬಂದಾಗ ಪ್ರೋಗ್ರಾಂ ಜಿಪುಣನಂತೆ ಇರುವ ಜಾಗವನ್ನು ಉಳಿಸಿ ಬರೆಯುತ್ತದೆ. ಕಲ್ಲಿನ ಬುಡ ಬಂತೆಂದು ಅಕ್ಷರ ಕಿರಿದು ಮಾಡಿ ತುರುಕಿದ ಶಾಸನ ನೋಡಿದವರಿಗೆ ಈ ಸಂಕಟ ಗೊತ್ತು. 2007ರಲ್ಲಿ ಬಂದ ಕ್ಲೋಜರ್ ಕೂಡ ಲಿಸ್ಪ್ ಮನೆತನದ್ದೇ, ಅಲ್ಲಿಯೂ ಈ ಚಂದದ ಮುದ್ರಣ ಮುಂದುವರಿದಿದೆ.

ಕನ್ನಡದ ಅಗಲ

ಇಲ್ಲಿ ಕನ್ನಡದವರಿಗೆ ಎದುರಾಗುವ ಒಂದು ತೊಡಕಿದೆ. ಸಾಲಿನಲ್ಲಿ ಹಿಡಿಸುತ್ತದೆಯೇ ಎಂದು ನೋಡಲು ಪ್ರೋಗ್ರಾಂ ಅಕ್ಷರ ಎಣಿಸುತ್ತದೆ. ಆದರೆ ಅಕ್ಷರ ಎಂದರೆ ಯಾವುದು? ‘ವಿಷ್ಣುವರ್ಧನ’ ನಮ್ಮ ಲೆಕ್ಕದಲ್ಲಿ ಐದು ಅಕ್ಷರ: ವಿ, ಷ್ಣು, ವ, ರ್ಧ, ನ. ಯೂನಿಕೋಡ್‌ನಲ್ಲಿ ವ್ಯಂಜನ, ವಿರಾಮ, ಸ್ವರಚಿಹ್ನೆ ಎಲ್ಲ ಬೇರೆ ಬೇರೆ, ಆ ಲೆಕ್ಕದಲ್ಲಿ ಅದು ಹನ್ನೊಂದು. ‘ಸ್ತ್ರೀ’ ಒಂದೇ ಅಕ್ಷರ, ಸಂಕೇತಗಳು ಆರು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಮನೆ ಎಂಬ ನಂಬಿಕೆಯ ಮೇಲೆ ಬರೆದ ಪ್ರೋಗ್ರಾಂ ಕನ್ನಡ ಪಟ್ಟಿಯನ್ನು ಬೇಗನೆ ಮುರಿದುಬಿಡುತ್ತದೆ. ಹೆಸರಿನ ಅಗಲ ಅಳೆದು ಅದರ ಮುಂದೆ ಮಕ್ಕಳನ್ನು ನಿಲ್ಲಿಸಲು ಹೋದರಂತೂ ಒಂದೇ ನೇರಕ್ಕಿರಬೇಕಾದ ಅಣ್ಣತಮ್ಮಂದಿರು ಅಡ್ಡಾದಿಡ್ಡಿ ನಿಲ್ಲುತ್ತಾರೆ. ಮೇಲಿನ ವಂಶಾವಳಿಯಲ್ಲಿ ನಾನು ಹೆಸರಿನ ಅಗಲದ ಗೊಡವೆಗೆ ಹೋಗದೆ ಪ್ರತಿ ತಲೆಮಾರಿಗೆ ಎರಡೇ ಜಾಗ ಬಿಟ್ಟದ್ದು ಈ ಕಾರಣಕ್ಕೆ.

ಸಾಲನ್ನು ಯಾವುದರಿಂದ ಅಳೆಯಬೇಕು ಎಂಬ ಪ್ರಶ್ನೆ ಕನ್ನಡಕ್ಕೆ ಹೊಸದೇನಲ್ಲ. ಹತ್ತನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ಯ ಕಾಲದಿಂದಲೂ ನಾವು ಪದ್ಯದ ಪಾದವನ್ನು ಮಾತ್ರೆ, ಗಣಗಳಲ್ಲಿ ಅಳೆಯುತ್ತ ಬಂದವರು. ಓಲೆಗರಿಯಲ್ಲಿ ಪದ್ಯವೂ ಗದ್ಯದಂತೆ ಒಂದೇ ಸಮ ಹರಿಯುತ್ತಿತ್ತು, ಓದುವವನ ಕಿವಿ ಪಾದಗಳನ್ನು ಬಿಡಿಸಿಕೊಳ್ಳುತ್ತಿತ್ತು. ಮುದ್ರಣ ಬಂದ ಮೇಲೆ ಆ ಕೆಲಸ ಕಿವಿಯಿಂದ ಕಣ್ಣಿಗೆ ದಾಟಿತು. ಕಿಟೆಲ್ 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕೇಶಿರಾಜನ ‘ಶಬ್ದಮಣಿದರ್ಪಣ’ದಂಥ ಗ್ರಂಥದಲ್ಲಿ ಸೂತ್ರ, ಅದರ ಕೆಳಗೆ ವೃತ್ತಿ, ಅದಕ್ಕೆ ಪ್ರಯೋಗಗಳು ಎಂಬ ಒಂದರೊಳಗೊಂದರ ವ್ಯವಸ್ಥೆ ಮೊದಲೇ ಇತ್ತು. ಪುಟದ ಮೇಲೆ ಅದನ್ನು ಕಣ್ಣಿಗೆ ಕಾಣಿಸುವುದು ಸಂಪಾದಕನ ಕೆಲಸವಾಯಿತು.

ಕಲ್ಲಿಗೆ ಕಂಸವಿಲ್ಲ

ಇಷ್ಟು ಹೇಳಿದ ಮೇಲೆ ಕಲ್ಲಿಗೂ ಲಿಸ್ಪ್‌ಗೂ ಇರುವ ಮುಖ್ಯ ವ್ಯತ್ಯಾಸವನ್ನು ಹೇಳಲೇಬೇಕು. ಲಿಸ್ಪ್‌ನಲ್ಲಿ ಆಕಾರ ಮೊದಲೇ ನಿರ್ಧಾರವಾಗಿದೆ. ಕಂಸಗಳು ಅದನ್ನು ಹಿಡಿದಿಟ್ಟಿವೆ. ಚಂದದ ಮುದ್ರಣ ತಾನಾಗಿ ಏನನ್ನೂ ಸೇರಿಸುವುದಿಲ್ಲ, ಆದ್ದರಿಂದ ಅದು ಸುಳ್ಳು ಹೇಳಲಾರದು. ಚಂದವಾಗಿ ಮುದ್ರಿಸಿದ ಪಟ್ಟಿಯನ್ನು ಯಂತ್ರ ಮತ್ತೆ ಓದಿಕೊಂಡರೆ ಮೊದಲಿದ್ದ ಪಟ್ಟಿಯೇ ಸಿಗಬೇಕು, ಇದು ಅದರ ಸಾಮಾನ್ಯ ಪರೀಕ್ಷೆ.

ಶಾಸನ ಓದುವವನಿಗೆ ಈ ಭಾಗ್ಯವಿಲ್ಲ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಹಲ್ಮಿಡಿ ಶಾಸನ ಇರುವುದೇ ಹದಿನಾರು ಸಾಲು. ಅಷ್ಟರಲ್ಲೇ ಪದ ಬಿಡಿಸುವುದರಲ್ಲಿ, ಅರ್ಥ ಹೇಳುವುದರಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ದೊಡ್ಡ ಸಮಾಸವನ್ನು ಇಲ್ಲಿ ಬಿಡಿಸಿದರೆ ಒಂದು ಅರ್ಥ, ಅಲ್ಲಿ ಬಿಡಿಸಿದರೆ ಇನ್ನೊಂದು. ಕಾಣದ ಕಂಸಗಳನ್ನು ಓದುವವನೇ ಹಾಕಬೇಕು. ಹಾಕಿದ ಕ್ಷಣವೇ ಅದು ಅವನ ತೀರ್ಪು. ಉದಯಾದಿತ್ಯನ ಕಂಸ ಸರಿದಂತೆ ಇಲ್ಲಿಯೂ ದಾನ ಕೊಟ್ಟವನು ಯಾರು, ಪಡೆದವನು ಯಾರು ಎನ್ನುವುದು ಸರಿಯಬಹುದು.

ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೆ ಶಾಸನಶಾಸ್ತ್ರ ಬೆಳೆಸಿಕೊಂಡ ಶಿಸ್ತನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಇಂದಿನ ಸಂಪುಟಗಳಲ್ಲಿ ಪದ ಬಿಡಿಸಿ, ಪದ್ಯವನ್ನು ಪದ್ಯವಾಗಿ ತೋರಿಸಿದರೂ ಕಲ್ಲಿನ ಸಾಲು ಎಲ್ಲಿ ಮುಗಿಯುತ್ತದೆ ಎಂಬ ಲೆಕ್ಕವನ್ನು ಉಳಿಸಿಕೊಂಡಿರುತ್ತಾರೆ. ಸವೆದ ಅಕ್ಷರವನ್ನು ಊಹಿಸಿ ತುಂಬಿದರೆ ಅದನ್ನು ಕಂಸದೊಳಗೆ ಇಡುತ್ತಾರೆ. ಓದುಗ ಬಯಸಿದರೆ ಸಂಪಾದಕನ ತೀರ್ಪನ್ನೆಲ್ಲ ಪಕ್ಕಕ್ಕಿಟ್ಟು ಕಲ್ಲಿಗೆ ವಾಪಸು ಹೋಗಬಹುದು. ಲಿಸ್ಪ್‌ಗೆ ಅದರ ಕಂಸಗಳಿಂದ ಪುಕ್ಕಟೆಯಾಗಿ ಸಿಕ್ಕಿದ್ದನ್ನು ಶಾಸನತಜ್ಞರು ಸಾಲಿನ ಸಂಖ್ಯೆಗಳಿಂದ ದುಡಿದು ಗಳಿಸಿದ್ದಾರೆ.

ಕನ್ನಡ ಓದುತ್ತಿರುವ, ಜೊತೆಗೆ ಪ್ರೋಗ್ರಾಮಿಂಗ್ ಕಲಿಯುತ್ತಿರುವ ವಿದ್ಯಾರ್ಥಿಗಳು ಈಗ ನಮ್ಮ ಊರುಗಳಲ್ಲೂ ಇದ್ದಾರೆ. ಅವರಿಗೊಂದು ಸಣ್ಣ ಕೆಲಸ. ಒಂದು ಹೊಯ್ಸಳ ಶಾಸನದ ಅಚ್ಚಾದ ಪಾಠ ತೆಗೆದುಕೊಳ್ಳಿ. ಅರಸ, ಅವನ ಬಿರುದುಗಳು, ದಾನಿ, ದಾನ, ಗಡಿ, ಶಾಪವಾಕ್ಯ ಎಂದು ಕಂಸ ಹಾಕುತ್ತ ಒಂದರೊಳಗೊಂದು ಪಟ್ಟಿಯಾಗಿ ಬರೆಯಿರಿ, ಪ್ರತಿ ತುಂಡಿನ ಪಕ್ಕದಲ್ಲಿ ಕಲ್ಲಿನ ಸಾಲಿನ ಸಂಖ್ಯೆ ಇರಲಿ. ಎರಡು ರೀತಿ ಬಿಡಿಸಬಹುದಾದ ಜಾಗ ಸಿಕ್ಕಾಗ ಎರಡನ್ನೂ ಬರೆದು, ಸಾಲು ಮುರಿದು, ಅಕ್ಕಪಕ್ಕ ಇಟ್ಟು ನೋಡಿ. ಯಾವ ಹೆಸರು ಯಾವ ಹೆಸರಿನ ನೇರಕ್ಕೆ ಬಂತು ಎಂದು ಕಣ್ಣಿಗೆ ಕಂಡ ಮೇಲೆ, ವಾದ ಮಾಡುವುದಕ್ಕೆ ಗಟ್ಟಿ ನೆಲ ಸಿಗುತ್ತದೆ.