ಮೊದಲ ನೋಟದ ವರ್ಣನೆ: ಪಠ್ಯ ಆಟಗಳ ಒಂದು ತಂತ್ರದ ಇತಿಹಾಸ

ಆಟಗಾರನು ಕೀಲಿಮಣೆಯಲ್ಲಿ ಬರೆದ ಆಜ್ಞೆಗೆ ಕಂಪ್ಯೂಟರು ಗದ್ಯದಲ್ಲೇ ಉತ್ತರಿಸುತ್ತ ಕಥೆಯನ್ನು ಮುನ್ನಡೆಸುವ ಸಂವಾದಾತ್ಮಕ ಕಥನದಲ್ಲಿ, ಕಂಡ ಕೋಣೆಗೇ ಮರಳುವವನಿಗೆ ಪ್ರತಿಸಲವೂ ಅದೇ ದೀರ್ಘ ವರ್ಣನೆಯನ್ನು ಒಪ್ಪಿಸಬೇಕೆ ಎಂಬ ಪ್ರಶ್ನೆ ಆ ಪ್ರಕಾರದಷ್ಟೇ ಹಳೆಯದು. ಕೆಂಟಕಿಯ ಮ್ಯಾಮತ್ ಗುಹಾಜಾಲವನ್ನು ಬಲ್ಲ ವಿಲ್ ಕ್ರೌದರ್ 1970ರ ದಶಕದ ಮಧ್ಯಭಾಗದಲ್ಲಿ ಫೋರ್ಟ್ರಾನ್ ಭಾಷೆಯಲ್ಲಿ ರಚಿಸಿ, 1977ರಲ್ಲಿ ಡಾನ್ ವುಡ್ಸ್ ವಿಸ್ತರಿಸಿದ ‘ಅಡ್ವೆಂಚರ್’ ಆಟವು ಅನೇಕ ಸ್ಥಳಗಳಿಗೆ ದೀರ್ಘ ಮತ್ತು ಹ್ರಸ್ವ ಎಂಬ ಎರಡು ಪಾಠಗಳನ್ನು ಇರಿಸಿಕೊಂಡು, ಭೇಟಿಗಳನ್ನು ಎಣಿಸುತ್ತ, ಮೊದಲ ಸಲ ದೀರ್ಘಪಾಠವನ್ನೂ ಅನಂತರ ಹ್ರಸ್ವಪಾಠವನ್ನೂ ತೋರಿಸಿ, ಸಾಮಾನ್ಯವಾಗಿ ಐದು ಭೇಟಿಗಳಿಗೊಮ್ಮೆ ಪೂರ್ಣಪಾಠಕ್ಕೆ ಮರಳುತ್ತಿತ್ತು.

ಅದೇ ವರ್ಷ ಎಂಐಟಿಯಲ್ಲಿ ಆರಂಭವಾದ ‘ಝೋರ್ಕ್’ ಆಟದಲ್ಲಿ ವಸ್ತುಗಳಿಗೂ ಇಂಥ ವ್ಯವಸ್ಥೆ ದೊರೆಯಿತು. ಆಟಗಾರನು ಮುಟ್ಟಿದ ವಸ್ತುವಿಗೆ ‘ಟಚ್‌ಬಿಟ್’ ಎಂಬ ಗುರುತು, ಅಂದರೆ ಹೌದು ಅಥವಾ ಇಲ್ಲ ಎಂಬುದನ್ನಷ್ಟೇ ನೆನಪಿಡುವ ಒಂದು ಬಿಟ್, ಬೀಳುತ್ತಿತ್ತು. ಅದು ಬೀಳುವವರೆಗೆ ಮಾತ್ರ ಮೊದಲ ವರ್ಣನೆ ಕಾಣಿಸುತ್ತಿತ್ತು. ಇದಕ್ಕೆ ತಾರ್ಕಿಕ ಕಾರಣವಿದೆ: ದೀಪವು ಕಪಾಟಿನ ಮೇಲಿದೆ ಎಂಬ ವಾಕ್ಯವು, ಅದನ್ನು ಎತ್ತಿಕೊಂಡು ಬೇರೆಡೆ ಇಟ್ಟೊಡನೆ ಸುಳ್ಳಾಗುತ್ತದೆ. ಗ್ರಹಾಂ ನೆಲ್ಸನ್ 1993ರಲ್ಲಿ ರೂಪಿಸಿದ ‘ಇನ್‌ಫಾರ್ಮ್’ ಭಾಷೆಯು ಈ ಪದ್ಧತಿಯನ್ನು ‘ಇನಿಷಿಯಲ್’ ಎಂಬ ಗುಣಧರ್ಮವಾಗಿ ಉಳಿಸಿಕೊಂಡರೆ, 2006ರ ‘ಇನ್‌ಫಾರ್ಮ್ 7’ ಅದನ್ನು ‘ಇನಿಷಿಯಲ್ ಅಪಿಯರೆನ್ಸ್’ ಎಂದು ಹೆಸರಿಸಿ, ಸಾಮಾನ್ಯ ವಾಕ್ಯದಂತೆಯೇ ಬರೆಯಲು ಲೇಖಕರಿಗೆ ಅವಕಾಶ ಕಲ್ಪಿಸಿತು.