ತಕ್ಕಡಿಯಿಂದ ಬ್ಲಾಕ್‌ಚೈನ್‌ವರೆಗೆ: ಸಣ್ಣ ಊರುಗಳ ಕಸದ ಲೆಕ್ಕ

ಸಣ್ಣ ಊರುಗಳ ಕಸ ನಿರ್ವಹಣೆಗೆ ಬ್ಲಾಕ್‌ಚೈನ್ ಅಳವಡಿಸಬೇಕೆಂಬ ಮಾತು ಈಗ ಕಾರ್ಯಾಗಾರಗಳಲ್ಲಿ ಜೋರಾಗಿದೆ. ಅಲ್ಲಿ ಹೇಳುವ ಚರಿತ್ರೆ ಮೊಬೈಲ್ ಆ್ಯಪ್‌ನಿಂದಲೇ ಶುರುವಾಗುತ್ತದೆ. ಕಸ ಆಯುವವರು, ಅವರ ತೂಕದ ಚೀಟಿ, ಅವರು ಕಟ್ಟಿದ ಸಂಘ ಯಾವುದಕ್ಕೂ ಅದರಲ್ಲಿ ಜಾಗವಿಲ್ಲ. ಈ ಕೆಲಸದಲ್ಲಿ ವರ್ಷಗಟ್ಟಲೆ ತೊಡಗಿದವರು ಒಪ್ಪುವ ಚರಿತ್ರೆ ಅದಲ್ಲ.

ತಂತ್ರಜ್ಞಾನದ ಕಡೆಯ ಕಥೆ ಚಿಕ್ಕದು. 2008ರಲ್ಲಿ ಬಿಟ್‌ಕಾಯಿನ್ ಪ್ರಬಂಧ ಬಂತು. ಒಂದೇ ಲೆಕ್ಕದ ಪ್ರತಿ ಹಲವರ ಬಳಿ ಇರುತ್ತದೆ, ಪ್ರತಿ ನಮೂದೂ ಹಿಂದಿನದಕ್ಕೆ ಹೆಣೆದುಕೊಂಡಿರುತ್ತದೆ, ಒಬ್ಬರೇ ಗುಟ್ಟಾಗಿ ತಿದ್ದಲಾಗದು. ಬ್ಲಾಕ್‌ಚೈನ್‌ನ ತಿರುಳು ಇಷ್ಟೇ. 2013ರಲ್ಲಿ ಕೆನಡಾದಲ್ಲಿ ಹುಟ್ಟಿದ ಪ್ಲಾಸ್ಟಿಕ್ ಬ್ಯಾಂಕ್, ಹೈಟಿಯಂಥ ಬಡ ದೇಶಗಳಲ್ಲಿ ಪ್ಲಾಸ್ಟಿಕ್ ತಂದುಕೊಡುವವರ ಖಾತೆಗಳನ್ನು ಐಬಿಎಂ ನೆರವಿನಿಂದ ಇದಕ್ಕೆ ಒಗ್ಗಿಸಿತು. ನಾರ್ವೆಯ ಎಂಪವರ್ ಕೂಡ ಅದೇ ದಾರಿ ಹಿಡಿಯಿತು. ಕಸಕ್ಕೆ ಕ್ರಿಪ್ಟೋ ನಾಣ್ಯ ಕೊಡುತ್ತೇವೆಂದು ಆ ಕಾಲದಲ್ಲಿ ಹೊರಟ ಬೇರೆ ಯೋಜನೆಗಳ ಕಣ್ಣು ಕಸಕ್ಕಿಂತ ನಾಣ್ಯದ ಮೇಲೇ ಇತ್ತು.

ನಮ್ಮ ಕಡೆಯ ಕಥೆ ಅದಕ್ಕಿಂತ ಹಳೆಯದು. 1993ರಲ್ಲಿ ಪುಣೆಯ ಕಸ ಆಯುವವರು ಸಂಘ ಕಟ್ಟಿದರು. 2008ರ ಹೊತ್ತಿಗೆ ಅವರದೇ ಸಹಕಾರ ಸಂಸ್ಥೆ ‘ಸ್ವಚ್ಛ್’, ಮನೆಮನೆಯ ಕಸ ಸಂಗ್ರಹಕ್ಕೆ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡಿತು. ಬೆಂಗಳೂರಿನಲ್ಲಿ 2011ರಲ್ಲಿ ಬಿಬಿಎಂಪಿ ಕಸ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು. ಮುಂದಿನ ವರ್ಷ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿತು. ಆಮೇಲೆ, ನಗರದ ಕಸ ಬೀಳುತ್ತಿದ್ದ ಮಂಡೂರಿನ ಜನ ಇನ್ನು ಕಸ ಬೇಡವೆಂದು ಪಟ್ಟು ಹಿಡಿದರು. 2014ರ ಕೊನೆಗೆ ಅಲ್ಲಿಗೂ ಲಾರಿಗಳು ಹೋಗುವುದು ನಿಂತಿತು. ಮೂಲದಲ್ಲೇ ಕಸ ಬೇರ್ಪಡಿಸಬೇಕೆಂದು ಹೈಕೋರ್ಟ್ ಹೇಳಿತು. ವಾರ್ಡುಗಳಲ್ಲಿ ಒಣತ್ಯಾಜ್ಯ ಸಂಗ್ರಹ ಕೇಂದ್ರಗಳು ಎದ್ದವು.

ನಮ್ಮ ತಲೆಮಾರು ಕೆಲಸ ಕಲಿತದ್ದು ಆ ಕೇಂದ್ರಗಳಲ್ಲಿ. ಪುಣೆಯ ಅನುಭವ ಹೊತ್ತು ಬಂದ ನಳಿನಿ ಶೇಖರ್ ಮೊದಲಾದವರು ಕಟ್ಟಿದ ಹಸಿರು ದಳದಂಥ ಸಂಸ್ಥೆಗಳ ಬೆಂಬಲದಿಂದ, ಹಿಂದೆ ಬೀದಿಯಲ್ಲಿ ಕಸ ಆಯುತ್ತಿದ್ದವರೇ ಕೇಂದ್ರ ನಡೆಸಿದರು. ಯಾವ ದಿನ ಎಷ್ಟು ಕಿಲೋ ಪೆಟ್ ಬಾಟಲಿ, ಎಷ್ಟು ಹಾಲಿನ ಕವರು, ಎಷ್ಟು ರಟ್ಟು ಎಂದು ಪುಸ್ತಕದಲ್ಲಿ ಬರೆದಿಟ್ಟರು. 2019ರಲ್ಲಿ ದಿ ಬಾಡಿ ಶಾಪ್ ಕಂಪನಿ ಪ್ಲಾಸ್ಟಿಕ್ಸ್ ಫಾರ್ ಚೇಂಜ್ ಎಂಬ ಸಂಸ್ಥೆಯ ಮೂಲಕ ಬೆಂಗಳೂರಿನಿಂದ 250 ಟನ್ ಮರುಬಳಕೆ ಪ್ಲಾಸ್ಟಿಕ್ ಕೊಳ್ಳಲು ಮುಂದಾಯಿತು. ಕಂಪನಿಯ ವಿಶ್ವಾಸ ನಿಂತದ್ದು ಆಯುವವರ ಕೈಗೆ ಏನು ಸೇರುತ್ತದೆಂಬ ಲೆಕ್ಕದ ಮೇಲೆ. ಈ ಕ್ಷೇತ್ರದ ನಿಜವಾದ ತಿರುವು ಇದೇ ಎಂದು ನಾನು ನಂಬಿದ್ದೇನೆ.

ಹಳ್ಳಿಗಳಿಗೆ ಈ ಕೆಲಸ ಬಂದದ್ದು ಕರಾವಳಿಯ ದಾರಿಯಲ್ಲಿ. ಕುಂದಾಪುರ ಕಡೆಯ ವಂಡ್ಸೆ ಪಂಚಾಯಿತಿ ಮಾದರಿಯೆನಿಸಿತು. ಕಾರ್ಕಳದ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣಕಸಕ್ಕೆ ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕ ನಿಂತಿತು. ರಾಜ್ಯದ ಹಲವು ಊರುಗಳಲ್ಲಿ ಸ್ವಸಹಾಯ ಗುಂಪುಗಳ ಸಂಜೀವಿನಿ ಒಕ್ಕೂಟದ ಮಹಿಳೆಯರೇ ಕಸ ಒಯ್ಯುವ ‘ಸ್ವಚ್ಛ ವಾಹಿನಿ’ ಓಡಿಸುತ್ತಾರೆ, ಪಂಚಾಯಿತಿಯ ಕಸದ ಶೆಡ್ಡಾದ ‘ಸ್ವಚ್ಛ ಸಂಕೀರ್ಣ’ದಲ್ಲಿ ಕೂತು ಕಸ ವಿಂಗಡಿಸುತ್ತಾರೆ.

ಮಳೆಗಾಲದಲ್ಲಿ ಅಂಥ ಶೆಡ್ಡಿನೊಳಗೆ ಹೋಗಿ ನೋಡಬೇಕು. ಹಾಲಿನ ಕವರಿನ ಮಡಿಕೆಯಲ್ಲಿ ನೀರು ನಿಂತಿರುತ್ತದೆ. ಚಿಪ್ಸ್ ಪೊಟ್ಟಣಕ್ಕೆ ಕೆಸರು ಮೆತ್ತಿರುತ್ತದೆ. ಚೀಲವನ್ನು ಹಾಗೇ ತೂಕಕ್ಕಿಟ್ಟರೆ ಒಂದು ಅಂಕಿ, ಕೊಡವಿ ಒಣಗಿಸಿ ಇಟ್ಟರೆ ಇನ್ನೊಂದು. ಕೊಳ್ಳುವವನು ತೇವಕ್ಕೆಂದು ಒಂದಿಷ್ಟು ಕಿಲೋ ಕಳೆಯುತ್ತಾನೆ. ಎಷ್ಟು ಕಳೆಯಬೇಕೆಂದು ಗೊತ್ತುಮಾಡುವವನೂ ಅವನೇ. ಬ್ಲಾಕ್‌ಚೈನ್ ಒದ್ದೆ ತೂಕವನ್ನೂ ಅಷ್ಟೇ ಭದ್ರವಾಗಿ ಕಾಯ್ದಿಡುತ್ತದೆ. ನಮೂದಾದದ್ದನ್ನು ತಿದ್ದಲಾಗದು ನಿಜ, ನಮೂದಾದದ್ದು ಸರಿಯೇ ಎಂದು ಹೇಳಬಲ್ಲವಳು ವಿಂಗಡಿಸುವ ಹೆಂಗಸು ಮಾತ್ರ.

ಹಾಗೆಂದು ಬ್ಲಾಕ್‌ಚೈನ್ ಬೇಡವೆನ್ನುತ್ತಿಲ್ಲ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಒಂದು ಪಂಚಾಯಿತಿಯೊಳಗೆ ಒಳ್ಳೆಯ ತಕ್ಕಡಿ, ಮುದ್ರಿತ ರಸೀದಿ, ಗ್ರಾಮಸಭೆಯಲ್ಲಿ ಓದುವ ಲೆಕ್ಕ ಸಾಕು. ಮೂಟೆ ಪಂಚಾಯಿತಿ ದಾಟಿದ ಮೇಲಿನ ಮಾತು ಬೇರೆ. ಪ್ಲಾಸ್ಟಿಕ್ ಹುಟ್ಟಿಸುವ ಕಂಪನಿಗಳೇ ಅದರ ವಿಲೇವಾರಿಯ ಹೊಣೆ ಹೊರಬೇಕೆಂಬ ಇಪಿಆರ್ ಮಾರ್ಗಸೂಚಿ 2022ರಲ್ಲಿ ಬಂತು. ಆ ಹೊಣೆ ತೀರಿಸಿದ್ದಕ್ಕೆ ತೋರಿಸಬೇಕಾದ ಮರುಬಳಕೆಯ ಪ್ರಮಾಣಪತ್ರ ಮಾರುವ ಸರಕಾಯಿತು. ಮರುವರ್ಷವೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳು ಸಿಕ್ಕವು. ಪಂಚಾಯಿತಿ, ಸಾಗಣೆದಾರ, ಮರುಬಳಕೆ ಕಾರ್ಖಾನೆ ಮೂವರೂ ಒಂದೇ ಮೂಟೆಯ ತೂಕವನ್ನು ತಂತಮ್ಮ ಕಡೆಯಿಂದ ದಾಖಲಿಸಿ, ಬಂದ ಮಾಲಿಗಿಂತ ಹೆಚ್ಚಿನ ಪ್ರಮಾಣಪತ್ರ ಹುಟ್ಟದಂತೆ ಕಟ್ಟಿಹಾಕಿದರೆ ಇಂಥ ಮೋಸಕ್ಕೆ ದಾರಿ ಕಿರಿದಾಗುತ್ತದೆ. ಪರಸ್ಪರ ನಂಬದವರ ನಡುವಿನ ಲೆಕ್ಕವೇ ಬ್ಲಾಕ್‌ಚೈನ್‌ಗೆ ತಕ್ಕ ಜಾಗ.

ಆದರೆ ಕಾರ್ಯಾಗಾರಗಳ ನಕ್ಷೆಗಳಲ್ಲಿ ಮೂರು ಪ್ರಶ್ನೆಗಳು ಕಾಣುವುದಿಲ್ಲ. ದಾಖಲೆ ಯಾರ ಸ್ವತ್ತು? ಪ್ರಮಾಣಪತ್ರದ ಹಣದಲ್ಲಿ ವಿಂಗಡಿಸಿದವಳ ಪಾಲೆಷ್ಟು? ಕೊಳ್ಳುವವರೇ ಸಿಗದ ಬಹುಪದರ ಪ್ಲಾಸ್ಟಿಕ್ಕಿನ ಸಾಗಣೆ ಖರ್ಚು ಯಾರ ತಲೆಗೆ? ಇವಕ್ಕೆ ಉತ್ತರವಿಲ್ಲದೆ ಅಳವಡಿಸಿದರೆ ಕಂಪನಿಗೆ ಪ್ರಮಾಣಪತ್ರ ಸಿಗುತ್ತದೆ, ವಿಂಗಡಿಸಿದವಳ ಕೂಲಿ ಇದ್ದಲ್ಲೇ ಇರುತ್ತದೆ.

ಪಂಚಾಯಿತಿ ಸದಸ್ಯರಲ್ಲಿ ನನ್ನ ಮನವಿ ಇಷ್ಟೇ: ಬ್ಲಾಕ್‌ಚೈನ್ ಮಾರಲು ಯಾರಾದರೂ ಬಂದರೆ, ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಕ್ಕೂಟದ ಮಹಿಳೆಯರನ್ನು ಕರೆದು ಕೂರಿಸಿ. ತೂಕದ ರಸೀದಿ ಅವರ ಹೆಸರಿನಲ್ಲಿ ಬರಬೇಕು, ಪ್ರಮಾಣಪತ್ರದ ಹಣದ ಪಾಲು ಅವರ ಖಾತೆಗೆ ಬೀಳಬೇಕು. ಈ ಎರಡು ಮಾತು ಒಪ್ಪಂದದಲ್ಲಿ ಇಲ್ಲವಾದರೆ ಸಹಿ ಹಾಕಬೇಡಿ.